ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಐಸಿಯುವಿನಿಂದ ಮನೆಯಂಗಳದವರೆಗೆ

ಅಮ್ಮನ ಬಲ ಶ್ವಾಸಕೋಶದ ಕೆಳಗಿನ ಭಾಗ ತೆಗೆದು ಮೂರು ವರ್ಷದ ಮೇಲಾಯಿತು. ಆಗ ಅವಳಿಗೆ 64 ವರ್ಷ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವಳಲ್ಲ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ನಲವತ್ತು ವರ್ಷ ಅಡುಗೆ ಒಲೆ, ಬಚ್ಚಲೊಲೆ ಎರಡನ್ನೂ ಊದಿದವಳು. ಕೆಮ್ಮು ಶುರುವಾದಾಗ ಒಂದು ಕಡೆ ಕಫದಲ್ಲಿ ಏನೂ ಸಿಗದಿದ್ದರೂ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ಆ ನಾಲ್ಕು ತಿಂಗಳು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಸಿಟಿ ಸ್ಕ್ಯಾನ್, ಬಯಾಪ್ಸಿ, ಬೆಂಗಳೂರು, ಆಪರೇಷನ್.

ಆಪರೇಷನ್ ಆಗುವ ತನಕ ಎಲ್ಲರೂ ಜೊತೆಗಿದ್ದರು. ಆದ ಮೇಲೆ ಏನು ಮಾಡಬೇಕು ಅನ್ನೋದನ್ನು ಮಾತ್ರ ನಾನು ಡಾಕ್ಟರ್, ಸಿಸ್ಟರ್, ಫಿಸಿಯೋಥೆರಪಿಸ್ಟ್ ಎಲ್ಲರನ್ನೂ ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಬರಹ ಆ ನೋಟ್‌ಬುಕ್ಕಿನಿಂದ ಬಂದದ್ದು. ನಿಮ್ಮ ಸರ್ಜನ್ ಹೇಳಿದ ಮಾತು ಇದಕ್ಕಿಂತ ಬೇರೆ ಇದ್ದರೆ ಅವರ ಮಾತೇ ನಡೆಯಲಿ. ನಿಮ್ಮ ರೋಗಿಯ ಎದೆಯೊಳಗೆ ನೋಡಿದವರು ಅವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಆಪರೇಷನ್ ಆಗಿ ಬಂದವರನ್ನು ಬಾಣಂತಿ ಹಾಗೆ ನೋಡಿಕೊಳ್ಳುತ್ತೇವೆ. ಮಲಗು, ಏಳಬೇಡ, ಮಾತಾಡಬೇಡ, ಕೆಮ್ಮಬೇಡ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಶ್ವಾಸಕೋಶದ ಆಪರೇಷನ್ ಆದವರಿಗೆ ಇದು ಒಳ್ಳೆಯದಲ್ಲ. ಮಲಗಿಯೇ ಇದ್ದರೆ ಉಳಿದ ಶ್ವಾಸಕೋಶದ ತಳಭಾಗ ಮುದುಡುತ್ತದೆ, ಕಫ ಕಟ್ಟುತ್ತದೆ, ನ್ಯುಮೋನಿಯಾ ಬರುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ. ಕೂರಿಸಬೇಕು, ನಡೆಸಬೇಕು, ಕೆಮ್ಮಿಸಬೇಕು. ಮುಂದಿನದೆಲ್ಲ ಅದು ಹೇಗೆ ಅನ್ನೋದರ ಬಗ್ಗೆಯೇ.

ಮೊದಲು: ಎಷ್ಟು ತೆಗೆದಿದ್ದಾರೆ ಅಂತ ಕೇಳಿಕೊಳ್ಳಿ

ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಅಂದರೆ ಮೂರು ಭಾಗ, ಎಡದಲ್ಲಿ ಎರಡು. ಒಂದು ಹಾಲೆ ಪೂರ್ತಿ ತೆಗೆದರೆ ಲೋಬೆಕ್ಟಮಿ. ಹೆಚ್ಚಿನವರಿಗೆ ಆಗುವುದು ಇದೇ. ಸಣ್ಣ ತುಂಡು ತೆಗೆದರೆ ವೆಡ್ಜ್ ಅಥವಾ ಸೆಗ್ಮೆಂಟೆಕ್ಟಮಿ. ಒಂದು ಬದಿಯ ಶ್ವಾಸಕೋಶವನ್ನೇ ತೆಗೆದರೆ ನ್ಯುಮೊನೆಕ್ಟಮಿ. ಪಕ್ಕೆಯ ನಡುವೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಅಥವಾ ರೋಬೋಟ್‌ನಿಂದ ಮಾಡಿದ್ದಾರೋ, ಪಕ್ಕೆಲುಬು ಅಗಲಿಸಿ ದೊಡ್ಡದಾಗಿ ತೆರೆದಿದ್ದಾರೋ ಅನ್ನೋದನ್ನೂ ಕೇಳಿ. ತೂತಿನ ಆಪರೇಷನ್ ಆದರೆ ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ಮನೆ. ತೆರೆದದ್ದಾದರೆ ವಾರ ಆಗಬಹುದು, ನೋವೂ ಜಾಸ್ತಿ.

"ಅರ್ಧ ಶ್ವಾಸಕೋಶ ಹೋದ ಮೇಲೆ ಉಸಿರಾಡೋದು ಹೇಗೆ?" ಅಂತ ನೆಂಟರೆಲ್ಲ ಕೇಳುತ್ತಾರೆ. ಉಳಿದ ಹಾಲೆಗಳು ಹಿಗ್ಗಿ ಖಾಲಿ ಜಾಗದ ಬಹುಪಾಲು ತುಂಬುತ್ತವೆ. ಹೊಟ್ಟೆ ಮತ್ತು ಎದೆ ನಡುವಿನ ವಪೆ ಸ್ವಲ್ಪ ಮೇಲೇರುತ್ತದೆ. ಒಂದು ಹಾಲೆ ತೆಗೆದವರಿಗೆ ಆರು ತಿಂಗಳು ಕಳೆಯುವಾಗ ಉಸಿರಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಕಡಿಮೆಯಾಗಿ ನಿಲ್ಲುವುದು ಸಾಮಾನ್ಯ. ಇಡೀ ಒಂದು ಬದಿ ತೆಗೆದರೆ ಇಳಿತ ಜಾಸ್ತಿ, ಮೂರನೇ ಒಂದು ಭಾಗ ಅಥವಾ ಅದಕ್ಕೂ ಮೇಲೆ. ಆದರೂ ಬದುಕು ನಡೆಯುತ್ತದೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಸರ್ಜನ್ ಕ್ಯಾನ್ಸರ್‌ಗಾಗಿ ಮೊದಲ ಬಾರಿ ಒಂದು ಶ್ವಾಸಕೋಶವನ್ನು ಪೂರ್ತಿ ತೆಗೆದು ಗೆದ್ದರು. ರೋಗಿ ಜೇಮ್ಸ್ ಗಿಲ್ಮೋರ್ ಕೂಡ ಡಾಕ್ಟರೇ. ಒಂದೇ ಶ್ವಾಸಕೋಶದಲ್ಲಿ ಅವರು ಮತ್ತೆ ಕೆಲಸಕ್ಕೆ ಹೋದರು, ಸುಮಾರು 30 ವರ್ಷ ಬದುಕಿದರು. ಸಿಗರೇಟಿಗೂ ಈ ಕ್ಯಾನ್ಸರ್‌ಗೂ ಇರುವ ನಂಟನ್ನು 1950ರಲ್ಲಿ ತೋರಿಸಿಕೊಟ್ಟವರಲ್ಲಿ ಗ್ರಹಾಂ ಒಬ್ಬರು. ಅವರೂ ಸಿಗರೇಟು ಸೇದುತ್ತಿದ್ದರು. 1957ರಲ್ಲಿ ಅದೇ ಕ್ಯಾನ್ಸರ್‌ನಿಂದ, ತಮ್ಮ ರೋಗಿಗಿಂತ ಮೊದಲೇ ತೀರಿಕೊಂಡರು. ಅಮ್ಮನಿಗೆ ಧೈರ್ಯ ಹೇಳಲು ನಾನು ಗಿಲ್ಮೋರ್ ಕತೆಯನ್ನು ಹೇಳಿದ್ದೆ. ಗ್ರಹಾಂ ಕತೆಯನ್ನು ಸಿಗರೇಟು ಬಿಡದ ನನ್ನ ಮಾವನಿಗೆ ಹೇಳಿದೆ.

ಪೈಪು ಇರುವ ದಿನಗಳು

ಐಸಿಯುವಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಪಕ್ಕೆಯಿಂದ ಹೊರಬಂದ ಪೈಪು ಮತ್ತು ಮಂಚದ ಕೆಳಗಿನ ಡಬ್ಬಿ. ಎದೆಯೊಳಗೆ ಉಳಿದ ಗಾಳಿ, ರಕ್ತ, ನೀರು ಹೊರಬರಲು ಇರುವ ದಾರಿ ಅದು. ಡಬ್ಬಿಯೊಳಗೆ ನೀರು ಇರುತ್ತದೆ. ಅಮ್ಮ ಉಸಿರೆಳೆದಾಗ ಆ ನೀರು ಮೇಲೇರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಕೆಮ್ಮಿದರೆ ಗುಳುಗುಳು ಗುಳ್ಳೆ. ಮೊದಲ ರಾತ್ರಿ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ನೀರು ಉಸಿರಿನ ಜೊತೆ ಏರಿಳಿದರೆ ಪೈಪು ಕಟ್ಟಿಕೊಂಡಿಲ್ಲ ಅಂತ. ಗುಳ್ಳೆ ಬಂದರೆ ಶ್ವಾಸಕೋಶದ ಗಾಯದಿಂದ ಇನ್ನೂ ಗಾಳಿ ಸೋರುತ್ತಿದೆ ಅಂತ. ಮೊದಲ ಒಂದೆರಡು ದಿನ ಗುಳ್ಳೆ ಬಂದರೆ ಗಾಬರಿ ಬೇಡ. ದಿನದಿಂದ ದಿನಕ್ಕೆ ಕಡಿಮೆ ಆಗಬೇಕು ಅಷ್ಟೆ. ಐದು ದಿನ ದಾಟಿದರೆ ಡಾಕ್ಟರ್‌ಗಳು ಅದನ್ನು ದೀರ್ಘ ಸೋರಿಕೆ ಅನ್ನುತ್ತಾರೆ. ಹೆಚ್ಚಿನವರಿಗೆ ತಾನಾಗೇ ಮುಚ್ಚಿಕೊಳ್ಳುತ್ತದೆ. ಕೆಲವರು ಸಣ್ಣ ಚೀಲದ ಸಮೇತ ಮನೆಗೆ ಹೋಗಬೇಕಾಗುತ್ತದೆ.

ಬಣ್ಣ ನೋಡಿಕೊಳ್ಳಿ. ಮೊದಲು ರಕ್ತದ ಬಣ್ಣ, ಆಮೇಲೆ ಮುರುಗಲು ಶರಬತ್ತಿನ ಬಣ್ಣ, ಕೊನೆಗೆ ತಿಳಿ ಹಳದಿ. ಹಳದಿಗೆ ಬಂದದ್ದು ಮತ್ತೆ ಕೆಂಪಾದರೆ, ಅಥವಾ ಹಾಲಿನ ಹಾಗೆ ಬೆಳ್ಳಗಾದರೆ ತಕ್ಷಣ ಸಿಸ್ಟರ್‌ಗೆ ಹೇಳಿ.

ಜೊತೆಗಿರುವವರ ಕೆಲಸ ಇಷ್ಟು. ಡಬ್ಬಿ ಯಾವಾಗಲೂ ಎದೆಗಿಂತ ಕೆಳಗೆ, ನೆಟ್ಟಗೆ ಇರಲಿ. ನಡೆಸುವಾಗಲೂ ಕೈಯಲ್ಲಿ ಕೆಳಗೇ ಹಿಡಿಯಿರಿ. ಪೈಪಿನ ಮೇಲೆ ರೋಗಿ ಮಲಗಿಬಿಟ್ಟಿಲ್ಲ, ಅದು ಮಡಚಿಕೊಂಡಿಲ್ಲ ಅಂತ ಆಗಾಗ ನೋಡಿ. ನೀವಾಗೇ ಯಾವತ್ತೂ ಅದನ್ನು ಕ್ಲಿಪ್ ಹಾಕಿ ಮುಚ್ಚಬೇಡಿ. ತೆಗೆಯುವಾಗ ಡಾಕ್ಟರ್ ಉಸಿರು ಕಟ್ಟಲು ಹೇಳಿ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಅರೆಕ್ಷಣದ ನೋವು. ಆಮೇಲೆ ಅಮ್ಮ ಹೇಳಿದ್ದು, "ಅಬ್ಬ, ಈಗ ಮೈ ನಂದು ಅನ್ನಿಸ್ತದೆ ಮಾರಾಯ."

ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಎದೆ ಬಡಿತ ಇದ್ದಕ್ಕಿದ್ದ ಹಾಗೆ ತಾಳ ತಪ್ಪುತ್ತದೆ. ಈ ಆಪರೇಷನ್ ಆದವರಲ್ಲಿ ಇದು ಸಾಕಷ್ಟು ಜನರಿಗೆ ಆಗುತ್ತದೆ, ಹೆಚ್ಚಾಗಿ ಔಷಧಿಯಲ್ಲೇ ಸರಿಹೋಗುತ್ತದೆ. "ಎದೆ ಡವಡವ ಅಂತಿದೆ" ಅಂತ ರೋಗಿ ಹೇಳಿದರೆ ಹೆದರಿಕೆಗೆ ಹಾಗಾಗ್ತಿದೆ ಅಂತ ಸುಮ್ನಿರಬೇಡಿ.

ನೋವು ತಡೆದುಕೊಳ್ಳುವುದು ಶೌರ್ಯ ಅಲ್ಲ

ನಮ್ಮ ಅಮ್ಮಂದಿರದ್ದು ಇದೊಂದು ದೊಡ್ಡ ತೊಂದರೆ. "ನೋವಿದೆಯಾ?" ಅಂತ ಕೇಳಿದರೆ "ಪರವಾಗಿಲ್ಲ, ಏನಿಲ್ಲ" ಅನ್ನುತ್ತಾರೆ. ಮಾತ್ರೆ ಜಾಸ್ತಿ ತಗೊಂಡರೆ ಕಿಡ್ನಿ ಹೋಗುತ್ತದೆ ಅಂತ ಪಕ್ಕದ ಮಂಚದವರು ಬೇರೆ ಹೇಳಿರುತ್ತಾರೆ. ಆದರೆ ನೋವಿದ್ದರೆ ಉದ್ದ ಉಸಿರು ಎಳೆಯಲು ಆಗುವುದಿಲ್ಲ. ಉಸಿರೆಳೆಯದಿದ್ದರೆ ಶ್ವಾಸಕೋಶ ಬಿಚ್ಚಿಕೊಳ್ಳುವುದಿಲ್ಲ. ಕೆಮ್ಮಲು ಹೆದರಿದರೆ ಕಫ ಒಳಗೇ ಉಳಿಯುತ್ತದೆ. ಹಾಗಾಗಿ ನೋವಿನ ಔಷಧಿ ಇಲ್ಲಿ ಸುಖಕ್ಕೆ ಕೊಡುವುದಲ್ಲ, ಚಿಕಿತ್ಸೆಯದ್ದೇ ಒಂದು ಭಾಗ.

ಡಾಕ್ಟರ್ ಬರೆದ ಮಾತ್ರೆಯನ್ನು ಗಡಿಯಾರ ನೋಡಿ ಕೊಡಿ. ನೋವು ಬರಲಿ, ಆಮೇಲೆ ಕೊಡೋಣ ಅಂತ ಕಾಯಬೇಡಿ. ನೋವು ಏರಿದ ಮೇಲೆ ಇಳಿಸಲು ಮಾತ್ರೆಯೂ ಜಾಸ್ತಿ ಬೇಕು, ಹೊತ್ತೂ ಜಾಸ್ತಿ ಬೇಕು. ಉಸಿರಿನ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಬಿದ್ದಿರುವ ಹಾಗೆ ಹೊಂದಿಸಿಕೊಳ್ಳಿ. ಟ್ರಮಡಾಲ್‌ನಂಥ ಮಾತ್ರೆಗಳು ಮಲ ಕಟ್ಟಿಸುತ್ತವೆ. ಮಲಕ್ಕೆ ತಿಣುಕಿದರೆ ಹೊಲಿಗೆ ಜಾಗವೆಲ್ಲ ಎಳೆಯುತ್ತದೆ. ಅದಕ್ಕೆ ಮೊದಲ ದಿನದಿಂದಲೇ ನೀರು, ಹಣ್ಣು, ಡಾಕ್ಟರ್ ಹೇಳಿದ, ಮಲ ಸಡಿಲ ಮಾಡುವ ಸಿರಪ್ಪು ನಡೆಯಲಿ.

ಇನ್ನೊಂದು ಬಗೆಯ ನೋವಿದೆ. ಪಕ್ಕೆಲುಬುಗಳ ನಡುವೆ ಓಡುವ ನರಕ್ಕೆ ಪೆಟ್ಟು ಬಿದ್ದು ಆಗುವ ನೋವು. ಹೊಲಿಗೆ ಬೆನ್ನ ಬದಿಗಿದ್ದರೂ ಉರಿ ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ. ಅಮ್ಮನಿಗೆ ಸೀರೆ ಸೆರಗು ತಾಗಿದರೂ ಉರಿಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ಅಂಗೈ ಅಗಲದ ಜಾಗ ಪೂರ್ತಿ ಜೋಮು. ಹೊಸದೇನೋ ರೋಗ ಬಂತು ಅಂತ ಅವಳು ನಾಲ್ಕು ದಿನ ಯಾರಿಗೂ ಹೇಳದೆ ಅಳುತ್ತಿದ್ದಳು. ಇದು ರೋಗ ಅಲ್ಲ, ನರ ಚೇತರಿಸಿಕೊಳ್ಳುವ ರೀತಿ. ತಿಂಗಳುಗಟ್ಟಲೆ ಹಿಡಿಯಬಹುದು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟು ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಅಂತ ನರದ ನೋವಿಗೇ ಬೇರೆ ಮಾತ್ರೆಗಳಿವೆ. ಎರಡು ಮೂರು ತಿಂಗಳಾದರೂ ಉರಿ ಇಳಿಯದಿದ್ದರೆ ಪೇನ್ ಕ್ಲಿನಿಕ್‌ಗೆ ಕಳಿಸಿ ಅಂತ ನೀವೇ ಕೇಳಿ. ಹೆಂಗಸರಿಗೆ ಮೊದಲ ಕೆಲವು ವಾರ ಮುಂದೆ ಗುಂಡಿ ಇರುವ ಸಡಿಲ ನೈಟಿ ಸಾಕು. ಬ್ರಾ ಪಟ್ಟಿ ಸರಿಯಾಗಿ ಗಾಯದ ಮೇಲೇ ಕೂರುತ್ತದೆ.

ಮೂರು ಚೆಂಡಿನ ಡಬ್ಬಿ

ಆಸ್ಪತ್ರೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಮೂರು ಕೊಳವೆ, ಮೂರು ಬಣ್ಣದ ಚೆಂಡು. ಸ್ಪೈರೋಮೀಟರ್ ಅಂತ ಹೆಸರು. ಬಹಳ ಜನ ಇದನ್ನು ಊದುತ್ತಾರೆ. ಒಲೆ ಊದಿ ಅಭ್ಯಾಸ ಇದ್ದ ಅಮ್ಮನೂ ಮೊದಲ ದಿನ ಊದಿದ್ದೇ ಊದಿದ್ದು! ಇದು ಊದುವುದಲ್ಲ, ಎಳೆಯುವುದು. ಎಳನೀರನ್ನು ಸ್ಟ್ರಾದಲ್ಲಿ ಎಳೆಯುವ ಹಾಗೆ.

ಹೀಗೆ ಮಾಡಿ. ನೆಟ್ಟಗೆ ಕೂರಿಸಿ, ಕಾಲು ನೆಲಕ್ಕೆ ತಾಗಲಿ. ಮೊದಲು ಉಸಿರು ಪೂರ್ತಿ ಬಿಡಲಿ. ಪೈಪನ್ನು ತುಟಿಯಿಂದ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆಯಲಿ. ಮೊದಲ ಚೆಂಡು ಏರಿದಾಗ ಅದನ್ನು ಎರಡು ಮೂರು ಸೆಕೆಂಡು ಅಲ್ಲೇ ನಿಲ್ಲಿಸಲು ನೋಡಲಿ. ಡಬ್ಬಿಯ ಮೇಲೆ 600, 900, 1200 ಅಂತ ಬರೆದಿರುತ್ತದೆ. ಅದು ಗಾಳಿ ಎಳೆಯುವ ವೇಗ. ಜರ್ ಅಂತ ಎಳೆದು ಮೂರನ್ನೂ ಒಮ್ಮೆ ಹಾರಿಸುವುದಕ್ಕಿಂತ ಒಂದು ಚೆಂಡನ್ನು ನಿಲ್ಲಿಸಿ ಹಿಡಿಯುವುದೇ ಒಳ್ಳೆಯದು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ನಡುನಡುವೆ ಮಾಮೂಲಿ ಉಸಿರಾಡಲಿ, ಇಲ್ಲದಿದ್ದರೆ ತಲೆ ತಿರುಗುತ್ತದೆ.

ಹತ್ತು ಆದ ಮೇಲೆ ಕೆಮ್ಮಿಸಿ. ಒಂದು ದಿಂಬು ಅಥವಾ ಮಡಚಿದ ಟವೆಲ್ಲನ್ನು ಗಾಯದ ಮೇಲಿಟ್ಟು ರೋಗಿಯೇ ಅದನ್ನು ಕೈಯಿಂದ ಬಿಗಿಯಾಗಿ ಒತ್ತಿಕೊಳ್ಳಬೇಕು. ಉದ್ದ ಉಸಿರು ಎಳೆದು, ಕನ್ನಡಕಕ್ಕೆ ಹಬೆ ಊದುವ ಹಾಗೆ ಬಾಯಿ ತೆರೆದು ಎರಡು ಸಲ "ಹಾ... ಹಾ..." ಅನ್ನಬೇಕು. ಆಮೇಲೆ ಒಂದು ಕೆಮ್ಮು. ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ದಿಂಬು ಒತ್ತಿಕೊಂಡು ಕೆಮ್ಮಿದರೆ ಬಿಚ್ಚುವುದಿಲ್ಲ ಅಂತ ಫಿಸಿಯೋ ಹುಡುಗಿ ಅಮ್ಮನ ಕೈ ಹಿಡಿದು ತೋರಿಸಿಕೊಟ್ಟಳು.

ಮನೆಗೆ ಬಂದ ಮೇಲೂ ಈ ಡಬ್ಬಿ ಬಿಡಬೇಡಿ. ನಾವು ಅದನ್ನು ಟಿವಿ ಪಕ್ಕದಲ್ಲೇ ಇಟ್ಟಿದ್ದೆವು. ಧಾರಾವಾಹಿ ನಡುವೆ ಜಾಹೀರಾತು ಬಂದಾಗೆಲ್ಲ ಹತ್ತು ಸಲ.

ಡಿಸ್ಚಾರ್ಜ್ ದಿನ ಕೇಳಲೇಬೇಕಾದದ್ದು

ಬಿಲ್ಲಿನ ಗಡಿಬಿಡಿಯಲ್ಲಿ ಇದೆಲ್ಲ ಮರೆತೇ ಹೋಗುತ್ತದೆ. ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಯಾವ ಮಾತ್ರೆ ಎಷ್ಟು ದಿನ? ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಕೊಡುವ ಇಂಜೆಕ್ಷನ್ ಮನೆಯಲ್ಲೂ ಮುಂದುವರಿಸಬೇಕಾ? ಪೈಪಿನ ಜಾಗದ ಹೊಲಿಗೆ ಯಾವಾಗ ಬಿಚ್ಚಬೇಕು, ಊರಲ್ಲೇ ಬಿಚ್ಚಿಸಬಹುದಾ? ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ನಮ್ಮ ರೋಗಿಗೆ ಎಷ್ಟಕ್ಕಿಂತ ಕೆಳಗೆ ಹೋದರೆ ಫೋನ್ ಮಾಡಬೇಕು? ರಾತ್ರಿ ಹೊತ್ತು ಯಾವ ನಂಬರ್? ಬಯಾಪ್ಸಿ ರಿಪೋರ್ಟ್ ಯಾವ ದಿನ? ದೂರದ ಊರಿನವರಾದರೆ ಕಾರಿನಲ್ಲಿ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಸೀಟ್ ಬೆಲ್ಟ್ ಮತ್ತು ಗಾಯದ ನಡುವೆ ಅದೇ ದಿಂಬು ಇರಲಿ. ವಿಮಾನದಲ್ಲಿ ಹೋಗುವವರು ಸರ್ಜನ್ ಒಪ್ಪದೆ ಟಿಕೆಟ್ ಮಾಡಬೇಡಿ. ಎದೆಯಲ್ಲಿ ಗಾಳಿ ಉಳಿದಿದ್ದರೆ ಮೇಲೆ ಹೋದಾಗ ಅದು ಹಿಗ್ಗುತ್ತದೆ.

ಮನೆಯ ಮೊದಲ ಆರು ವಾರ

ಮಲಗುವುದು ಮೊದಲು ಕಷ್ಟ. ಮೂರು ದಿಂಬು ಜೋಡಿಸಿ ಅರ್ಧ ಕೂತ ಹಾಗೆ ಮಲಗಿಸಿ. ಅಮ್ಮ ಹತ್ತು ರಾತ್ರಿ ಅಜ್ಜನ ಹಳೇ ಆರಾಮ ಕುರ್ಚಿಯಲ್ಲೇ ನಿದ್ದೆ ಮಾಡಿದಳು. ಹಾಸಿಗೆಯಿಂದ ಏಳುವಾಗ ಕೈ ಹಿಡಿದು ಎಳೆಯಬೇಡಿ. ಮಗ್ಗುಲಿಗೆ ತಿರುಗಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಅವರೇ ಏಳಲಿ. ಒಂದು ಬದಿ ಪೂರ್ತಿ ತೆಗೆದವರು ಯಾವ ಮಗ್ಗುಲಿಗೆ ಮಲಗಬೇಕು ಅಂತ ಸರ್ಜನ್‌ರನ್ನು ಕೇಳಿಯೇ ಮಲಗಬೇಕು.

ನಡಿಗೆಯೇ ಇಲ್ಲಿ ನಿಜವಾದ ಔಷಧಿ. ಆಸ್ಪತ್ರೆಯಲ್ಲಿ ಮಾರನೇ ದಿನವೇ ನಡೆಸಿರುತ್ತಾರೆ. ಮನೆಯಲ್ಲಿ ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಶುರು ಮಾಡಿ, ದಿನಕ್ಕೆ ಒಂದೆರಡು ನಿಮಿಷ ಏರಿಸಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಒಂದು ವಾಕ್ಯ ಮುಗಿಸಲು ಆಗದಿದ್ದರೆ ನಿಧಾನ ಮಾಡಿ. ನಮ್ಮ ಮನೆ ಮುಂದೆ ಅಡಿಕೆ ಒಣಗಿಸುವ ಅಂಗಳವಿದೆ. ಮೊದಲ ದಿನ ಹಜಾರದಿಂದ ತುಳಸಿ ಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಎರಡು ಸಲ ಕಂಬ ಹಿಡಿದು ನಿಂತಳು. ಎರಡನೇ ವಾರ ಅಂಗಳ ನಾಲ್ಕು ಸುತ್ತು. ಆರನೇ ವಾರಕ್ಕೆ ತೋಟದ ದಾರಿಯಲ್ಲಿ ಅರ್ಧ ಗಂಟೆ. ನಡುವೆ ಒಂದು ದಿನ ಹಿಂದೆ ಬೀಳುತ್ತಾರೆ, ಏಳಲೂ ಆಗುವುದಿಲ್ಲ ಅನ್ನುತ್ತಾರೆ. ಆ ದಿನ ಕಡಿಮೆ ನಡೆಸಿ, ಪೂರ್ತಿ ಬಿಡಬೇಡಿ.

ಉಸಿರು ಕಟ್ಟಿದ ಹಾಗಾದರೆ ನಿಂತು, ಗೋಡೆಗೆ ಒರಗಿ, ಮೂಗಿನಲ್ಲಿ ಎಳೆದು ತುಟಿ ಸಣ್ಣಗೆ ಮಾಡಿ ನಿಧಾನ ಬಿಡಬೇಕು. ಬಿಸಿ ಕಾಫಿ ಆರಿಸುವ ಹಾಗೆ. ಎಳೆದದ್ದಕ್ಕಿಂತ ಬಿಡುವುದು ಎರಡರಷ್ಟು ಉದ್ದ. ಮೆಟ್ಟಿಲು ಹತ್ತುವಾಗ ಹೆಜ್ಜೆ ಏರಿಸುತ್ತಾ ಉಸಿರು ಬಿಡಿ.

ಆಪರೇಷನ್ ಆದ ಬದಿಯ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ಗೋಡೆ ಮುಂದೆ ನಿಂತು ಬೆರಳಿನಿಂದ ಮೇಲೆ ಮೇಲೆ ಹತ್ತಿಸಲಿ. ಎಷ್ಟು ಎತ್ತರ ಹೋಯಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ತಲೆ ಬಾಚಿಕೊಳ್ಳುವುದೂ ವ್ಯಾಯಾಮವೇ. ಜಡೆ ನೀವು ಹಾಕಬೇಡಿ, ಅವರೇ ಹಾಕಿಕೊಳ್ಳಲಿ.

ಭಾರ ಎತ್ತುವುದು ಬೇಡ. ನಾಲ್ಕೈದು ಕಿಲೋಗಿಂತ ಜಾಸ್ತಿ ಆರು ವಾರ ಬೇಡವೇ ಬೇಡ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೊಮ್ಮಗು, ಎಲ್ಲವೂ ಇದರಲ್ಲಿ ಬರುತ್ತದೆ. ಕಾರು ಓಡಿಸುವವರು ನಾಲ್ಕರಿಂದ ಆರು ವಾರ ಕಾಯಬೇಕು. ಮಂಪರು ಬರುವ ಮಾತ್ರೆ ನಿಂತಿರಬೇಕು. ನಮ್ಮ ರಸ್ತೆಗಳಲ್ಲಿ ಸ್ಕೂಟರ್‌ಗೆ ಇನ್ನೂ ತಡ ಮಾಡಿ.

ಸ್ನಾನ ಮಾಡಬಹುದು. ಗಾಯವನ್ನು ಉಜ್ಜಬೇಡಿ, ಒತ್ತಿ ಒರೆಸಿ. ಎಣ್ಣೆ, ಅರಿಸಿನ, ನಾಟಿ ಲೇಪ ಏನನ್ನೂ ಹಚ್ಚಬೇಡಿ.

ಊಟದ ವಿಷಯದಲ್ಲಿ ನನಗೂ ಅತ್ತೆಗೂ ಜಗಳವೇ ಆಯಿತು. ಅವರು ಪಥ್ಯ ಅಂತ ತಿಳಿಸಾರು ಅನ್ನ, ಸುಟ್ಟ ಹಪ್ಪಳ ಮಾತ್ರ ಬಡಿಸುತ್ತಿದ್ದರು. ಗಾಯ ಮಾಯಲು, ಕರಗಿದ ಮಾಂಸಖಂಡ ಕೂಡಲು ಪ್ರೋಟೀನ್ ಬೇಕು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಅಂತ ಡಯಟೀಷಿಯನ್ ಲೆಕ್ಕ ಕೊಟ್ಟರು. 50 ಕಿಲೋದ ಅಮ್ಮನಿಗೆ 60 ಗ್ರಾಂ ಮೇಲೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಅಂದರೆ ತಿಳಿಸಾರಿನಲ್ಲಿ ಏನು ಸಿಗುತ್ತದೆ ಹೇಳಿ? ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ. ನಮ್ಮಂಥವರಿಗೆ ಗಟ್ಟಿ ಬೇಳೆ, ಹೆಸರುಕಾಳು ಉಸಲಿ, ಮೊಸರು, ಪನೀರ್, ಕಡಲೆಬೀಜ, ಹಾಲು ಹಾಕಿದ ರಾಗಿ ಗಂಜಿ. ಹೊಟ್ಟೆ ಬಿರಿಯ ಉಂಡರೆ ವಪೆ ಒತ್ತಿ ಉಸಿರು ಕಟ್ಟುತ್ತದೆ. ಸ್ವಲ್ಪ ಸ್ವಲ್ಪವೇ ಐದಾರು ಸಲ ಕೊಡಿ. ಕಿಡ್ನಿ, ಸಕ್ಕರೆ ಕಾಯಿಲೆ ಇದ್ದರೆ ಈ ಲೆಕ್ಕ ಬೇರೆ, ಡಾಕ್ಟರ್‌ರನ್ನು ಕೇಳಿ.

ಹೊಗೆ ಬೇಡ. ಬೀಡಿ ಸಿಗರೇಟು ಸೇದುವವರು ಆಪರೇಷನ್ ಆದ ಮೇಲೆ ಬಿಟ್ಟರೂ ಲಾಭ ಇದೆ. ಗಾಯ ಬೇಗ ಮಾಯುತ್ತದೆ, ಹೊಸ ಕ್ಯಾನ್ಸರ್ ಬರುವ ಸಾಧ್ಯತೆ ಇಳಿಯುತ್ತದೆ. ಬಿಡಲು ನೆರವು ಬೇಕಿದ್ದರೆ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಮನೆಯಲ್ಲಿ ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿ ನಿಲ್ಲಿಸಿ. ಬಚ್ಚಲೊಲೆ ಬಿಡಿಸುವುದು ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಮಳೆಗಾಲದಲ್ಲಿ ಸೋಲಾರ್ ಕೆಲಸ ಮಾಡುವುದಿಲ್ಲ, ಕರೆಂಟೂ ಇರುವುದಿಲ್ಲ. ಈಗ ತಮ್ಮ ಒಲೆ ಹಚ್ಚುತ್ತಾನೆ. ಹೊಗೆ ಹೋಗುವ ತನಕ ಅಮ್ಮನಿಗೆ ಹಿತ್ತಲಿಗೆ ಪ್ರವೇಶ ಇಲ್ಲ.

ನೋಡಲು ಬರುವವರನ್ನು ಮೊದಲ ಮೂರು ವಾರ ತಡೆಯಿರಿ. ಶೀತ ಕೆಮ್ಮು ಇದ್ದವರು ಬಾಗಿಲಲ್ಲೇ ಮಾತಾಡಿಸಿ ಹೋಗಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕು ಅಂತ ಕೇಳಿಕೊಳ್ಳಿ.

ಒಣಕೆಮ್ಮು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮಾತಾಡಿದರೆ, ಮಗ್ಗುಲು ಬದಲಿಸಿದರೆ ಕೆಮ್ಮು. ರೋಗ ಮರಳಿತು ಅಂತಲ್ಲ. ಎಡಬದಿ ಆಪರೇಷನ್ ಆದ ಕೆಲವರಿಗೆ ದನಿ ಒಡೆಯುತ್ತದೆ. ಧ್ವನಿಪೆಟ್ಟಿಗೆಗೆ ಹೋಗುವ ನರ ಅಲ್ಲೇ ಸುತ್ತಿ ಬರುತ್ತದೆ. ನೀರು ಕುಡಿಯುವಾಗ ನೆತ್ತಿಗೆ ಹತ್ತುತ್ತಿದ್ದರೆ ತಡ ಮಾಡದೆ ತೋರಿಸಿ.

ಕಾಯದೆ ಓಡಬೇಕಾದ ಹೊತ್ತು

ಜ್ವರ 100.4 ಡಿಗ್ರಿ ದಾಟಿದರೆ. ನಿನ್ನೆಗಿಂತ ಇವತ್ತು ಉಸಿರಾಟ ಕಷ್ಟವಾಗಿದ್ದರೆ. ಗಾಯ ಕೆಂಪಾಗಿ ಕೀವು ಬಂದರೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ. ಇದ್ದಕ್ಕಿದ್ದ ಹಾಗೆ ಎದೆ ಚುಚ್ಚಿ ಉಸಿರು ಸಿಗದಿದ್ದರೆ. ಕೆಮ್ಮಿದಾಗ ರಕ್ತ ಬಂದರೆ. ಕುತ್ತಿಗೆ, ಎದೆ ಊದಿಕೊಂಡು ಒತ್ತಿದರೆ ಮಂಡಕ್ಕಿ ಮುಟ್ಟಿದ ಹಾಗೆ ಚರಚರ ಅಂದರೆ ಚರ್ಮದ ಕೆಳಗೆ ಗಾಳಿ ಸೇರಿದೆ ಅಂತ ಅರ್ಥ. ಇವು ಯಾವುದಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

ಶ್ವಾಸಕೋಶ ಪೂರ್ತಿ ತೆಗೆದವರು ಒಮ್ಮೆಲೇ ನೀರಿನಂಥ ನಸುಗೆಂಪು ಕಫವನ್ನು ಬಾಯಿ ತುಂಬ ಕೆಮ್ಮಿದರೆ ಅದು ಬಹಳ ಅಪಾಯ. ಹೊಲಿದ ಶ್ವಾಸನಾಳ ಬಿಟ್ಟಿರಬಹುದು. ಆಪರೇಷನ್ ಆದ ಮಗ್ಗುಲು ಕೆಳಗೆ ಬರುವ ಹಾಗೆ ವಾಲಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ನೀರು ಒಳ್ಳೆಯ ಶ್ವಾಸಕೋಶಕ್ಕೆ ಇಳಿಯಬಾರದು.

ಬಯಾಪ್ಸಿ ರಿಪೋರ್ಟ್ ಓದುವುದು

ತೆಗೆದ ಭಾಗದ ಪರೀಕ್ಷೆ ಬರಲು ವಾರ ಹತ್ತು ದಿನ ಬೇಕು. ಮುಂದಿನ ದಾರಿ ಹೇಳುವುದು ಈ ಕಾಗದ. ಇದರಲ್ಲಿ ಗಡ್ಡೆಯ ಅಳತೆ, ಜಾತಿ, ಅಂಚು, ಗ್ರಂಥಿ ನೋಡಿ. ಅಮ್ಮನದ್ದು 3.4 ಸೆಂಟಿಮೀಟರಿನ ಗಡ್ಡೆ, ಅಡಿನೊಕಾರ್ಸಿನೋಮ ಅನ್ನುವ ಜಾತಿ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇರಲಿಲ್ಲ. ತೆಗೆದ 14 ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಒಂದರಲ್ಲೂ ಇರಲಿಲ್ಲ. ಹಂತ 1ಬಿ.

ಗ್ರಂಥಿಗೆ ಹರಡಿದ್ದರೆ ಅಥವಾ ಗಡ್ಡೆ ದೊಡ್ಡದಿದ್ದರೆ ಕೀಮೋ ಹೇಳುತ್ತಾರೆ. ಸಾಮಾನ್ಯವಾಗಿ ಎರಡು ತಿಂಗಳೊಳಗೆ ಶುರು, ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಅದರಿಂದ ಐದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು ಐದು ಜನ ಹೆಚ್ಚು ಬದುಕುಳಿಯುತ್ತಾರೆ ಅಂತ ಹಳೆಯ ದೊಡ್ಡ ಅಧ್ಯಯನಗಳ ಲೆಕ್ಕ. ಕೀಮೋ ತಡೆಯುವ ಶಕ್ತಿ ಬರಬೇಕಾದರೂ ಆ ಆರು ವಾರದ ನಡಿಗೆ, ಊಟವೇ ಬೇಕು.

ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಪರೀಕ್ಷೆ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಮೊದಲೆರಡು ಗಡ್ಡೆಯ ಜೀನ್ ಬದಲಾಗಿದೆಯಾ ಅಂತ ನೋಡುವುದು, ಮೂರನೆಯದು ಗಡ್ಡೆಯ ಕಣಗಳ ಮೇಲಿನ ಒಂದು ಪ್ರೋಟೀನ್ ನೋಡುವುದು. ಯಾವ ಔಷಧಿ ಅನ್ನೋದು ಇದರ ಮೇಲೆ. ಭಾರತದಲ್ಲಿ ಅಡಿನೊಕಾರ್ಸಿನೋಮ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಹೊಗೆ ಸೇದದ ಹೆಂಗಸರಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಓಸಿಮೆರ್ಟಿನಿಬ್ ಅನ್ನುವ ಮಾತ್ರೆ ಇದೆ, ದಿನಕ್ಕೊಂದು, ಮೂರು ವರ್ಷ. 2023ರಲ್ಲಿ ಪ್ರಕಟವಾದ ಅಡಾರಾ ಎಂಬ ಅಧ್ಯಯನದಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 88 ಜನ ಐದು ವರ್ಷಕ್ಕೆ ಬದುಕಿದ್ದರು, ತೆಗೆದುಕೊಳ್ಳದವರಲ್ಲಿ 78. ಎಎಲ್‌ಕೆ ಇದ್ದರೆ ಅಲೆಕ್ಟಿನಿಬ್ ಎರಡು ವರ್ಷ. ಪಿಡಿ-ಎಲ್1 ಇದ್ದವರಿಗೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಂಜೆಕ್ಷನ್. ಅಮ್ಮನಿಗೆ ಓಸಿಮೆರ್ಟಿನಿಬ್ ಬಂತು. ಭೇದಿ, ಮೈಮೇಲೆ ಗುಳ್ಳೆ, ಉಗುರುಸುತ್ತು ಕಾಟ ಕೊಟ್ಟವು. ಮಾತ್ರೆ ನಿಲ್ಲಿಸುವ ಹಾಗೆ ಆಗಲಿಲ್ಲ. ಆ ಮಾತ್ರೆಯಲ್ಲಿ ಉಸಿರಾಟ ಹಠಾತ್ತಾಗಿ ಕೆಟ್ಟರೆ ಮಾತ್ರ ಅದೇ ದಿನ ಡಾಕ್ಟರ್‌ಗೆ ಹೇಳಬೇಕು.

"ಎಷ್ಟು ವರ್ಷ?"

ಈ ಪ್ರಶ್ನೆಯನ್ನು ಮನೆಯವರು ರೋಗಿಯನ್ನು ಹೊರಗೆ ಕೂರಿಸಿ ಕೇಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದು ತಪ್ಪು ಅಂತ ಈಗ ಅನ್ನಿಸುತ್ತದೆ. ಅಮ್ಮ ಆಮೇಲೆ ಕೇಳಿದಳು, "ನನ್ನ ಎದೆ, ನಿಂಗೆ ಗೊತ್ತಿದ್ದದ್ದು ನಂಗೆ ಗೊತ್ತಾಗ್ಬಾರ್ದಾ?"

1999ರಿಂದ 2010ರವರೆಗೆ ರೋಗ ಪತ್ತೆಯಾದವರ ಅಂತರರಾಷ್ಟ್ರೀಯ ದಾಖಲೆ ಪ್ರಕಾರ, ಆಪರೇಷನ್ ಆಗಿ ಹಂತ ಗೊತ್ತಾದವರಲ್ಲಿ ಐದು ವರ್ಷ ಬದುಕಿದವರು ಹೀಗಿದ್ದಾರೆ. ಹಂತ 1ಎಯಲ್ಲಿ ಗಡ್ಡೆಯ ಅಳತೆ ಮೇಲೆ ನೂರಕ್ಕೆ 80ರಿಂದ 90. ಹಂತ 1ಬಿಯಲ್ಲಿ 73. ಹಂತ 2ಎಯಲ್ಲಿ 65, 2ಬಿಯಲ್ಲಿ 56. ಹಂತ 3ಎಯಲ್ಲಿ 41. ಈ ಅಂಕಿಗಳಲ್ಲಿ ಬೇರೆ ಕಾರಣಕ್ಕೆ ತೀರಿಕೊಂಡವರೂ ಸೇರಿದ್ದಾರೆ. ಅಲ್ಲದೆ ಇದು ಈಗಿನ ಹೊಸ ಮಾತ್ರೆ, ಇಮ್ಯುನೋಥೆರಪಿ ಬರುವ ಮೊದಲಿನ ಲೆಕ್ಕ. ಹಾಗಾಗಿ ಇವತ್ತಿನ ರೋಗಿಗೆ ಇದನ್ನು ಅಳತೆಗೋಲು ಮಾಡಬಾರದು. ಐದು ವರ್ಷ ಅಂದರೆ ಐದೇ ವರ್ಷ ಆಯುಸ್ಸು ಅಂತಲೂ ಅಲ್ಲ. ಅದು ಲೆಕ್ಕ ಹಾಕಲು ಇಟ್ಟುಕೊಂಡ ಗೆರೆ.

ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ. ಅದಕ್ಕೇ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್, ಆಮೇಲೆ ವರ್ಷಕ್ಕೊಮ್ಮೆ. ಐದು ವರ್ಷ ಆದ ಮೇಲೂ ವರ್ಷದ ಸ್ಕ್ಯಾನ್ ಬಿಡಬೇಡಿ. ಉಳಿದ ಶ್ವಾಸಕೋಶದಲ್ಲಿ ಹೊಸದೇ ಒಂದು ಹುಟ್ಟುವ ಸಾಧ್ಯತೆ ವರ್ಷಕ್ಕೆ ನೂರಕ್ಕೆ ಒಂದೆರಡು ಇರುತ್ತದೆ. ಸಣ್ಣದಿರುವಾಗ ಸಿಕ್ಕರೆ ಅದಕ್ಕೂ ಚಿಕಿತ್ಸೆ ಇದೆ. ನಡುವೆ ವಾರಗಟ್ಟಲೆ ಹೋಗದ ಮೂಳೆ ನೋವು, ತಲೆನೋವು ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ.

ಸ್ಕ್ಯಾನ್‌ಗೆ ಮುಂಚಿನ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಅಮ್ಮ ಆ ವಾರ ಕಪಾಟು ಪೂರ್ತಿ ಖಾಲಿ ಮಾಡಿ ಸೀರೆ ಮಡಚುತ್ತಾಳೆ. ನಾವು ತಡೆಯುವುದಿಲ್ಲ, ಜೊತೆಗೆ ಕೂತು ಮಡಚುತ್ತೇವೆ. ಹೆದರಿಕೆ ತಿಂಗಳಾದರೂ ಇಳಿಯದೆ ಊಟ ನಿದ್ದೆ ಕೆಟ್ಟರೆ ಆಸ್ಪತ್ರೆಯಲ್ಲೇ ಇರುವ ಮನೋವೈದ್ಯರನ್ನು ಕಾಣಿ.

ದುಡ್ಡು, ಓಡಾಟ, ಫೈಲು

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ಮಾತ್ರೆ ದುಬಾರಿಯಾದರೆ ಕಂಪನಿಯ ರೋಗಿ ಸಹಾಯ ಯೋಜನೆ ಇದೆಯಾ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಜಾಗಗಳಲ್ಲಿ ಈ ದಾರಿಗಳು ಅವರಿಗೆ ಚೆನ್ನಾಗಿ ಗೊತ್ತಿರುತ್ತವೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇಕಡ 75. ಅದಕ್ಕೆ ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಳ್ಳಬೇಕು.

ಕೊನೆಯದು ಫೈಲು. ಡಿಸ್ಚಾರ್ಜ್ ಸಮರಿ, ಬಯಾಪ್ಸಿ, ಜೀನ್ ರಿಪೋರ್ಟ್, ಪ್ರತಿ ಸ್ಕ್ಯಾನ್‌ನ ಕಾಗದ, ಎಲ್ಲವೂ ತಾರೀಖಿನ ಪ್ರಕಾರ ಇರಲಿ. ಕಾಗದ ಮಾತ್ರ ಸಾಲದು, ಸ್ಕ್ಯಾನ್‌ನ ಸಿಡಿಯನ್ನೂ ಇಟ್ಟುಕೊಳ್ಳಿ. ಅಮ್ಮನ ಎರಡನೇ ವರ್ಷದ ಸ್ಕ್ಯಾನ್‌ನಲ್ಲಿ 4 ಮಿಲಿಮೀಟರಿನ ಒಂದು ಚುಕ್ಕೆ ಕಂಡಿತು. ನಮ್ಮೆಲ್ಲರ ಕೈಕಾಲು ಬಿದ್ದುಹೋಯಿತು. ಡಾಕ್ಟರ್ ಹಳೇ ಸಿಡಿಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಆಪರೇಷನ್‌ಗೆ ಮುಂಚಿನ ಸಿಡಿಯಲ್ಲೂ ಆ ಚುಕ್ಕೆ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇತ್ತು. ಹಳೇ ಕಲೆ ಅಷ್ಟೆ ಅಂದರು. ಅವತ್ತು ಸಂಜೆಯ ರೈಲಿಗೇ ನಾವು ಸಾಗರಕ್ಕೆ ಹೊರಟೆವು.